ವಾಚನಾಲಯದ ಕಟ್ಟೆಯ ವಿಮರ್ಶಕರು

ಬೈಲಹೊಂಗಲವೆಂದೊಡನೆ ಎಲ್ಲರಿಗೂ ನೆನಪಾಗುವುದು ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿ. 1829ರಲ್ಲಿ ಆಕೆ ಸೆರೆಯಲ್ಲಿದ್ದಂತೆಯೇ ಕಣ್ಣು ಮುಚ್ಚಿದುದು ಇಲ್ಲಿ. ಅದನ್ನು ಬಿಟ್ಟರೆ ಹತ್ತಿಯ ಪೇಟೆ, ನೇಕಾರರ ಮಗ್ಗ. ಇಂಥ ಊರಿನಲ್ಲಿ ಸಾಹಿತ್ಯ ವಿಮರ್ಶೆಯ ಪರಂಪರೆಯೊಂದು ಇದ್ದಿತೆಂದು ನಾನು ಹೇಳಹೊರಟರೆ ಪಂಡಿತರು ನಕ್ಕಾರು. ಅದೂ ಪತ್ತೇದಾರಿ ಕಾದಂಬರಿಗಳ ವಿಮರ್ಶೆಯೆಂದರೆ ಇನ್ನೂ ಗಟ್ಟಿಯಾಗಿ ನಕ್ಕಾರು. ಒಂದು ಕಾಲಕ್ಕೆ ನಾನೂ ನಕ್ಕವನೇ. ಆ ನಗೆಯ ಲೆಕ್ಕವನ್ನು ಮುಂದೆ ಒಪ್ಪಿಸುತ್ತೇನೆ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಎಂದರೆ 1990ರ ಸುಮಾರಿಗೆ, ಪೇಟೆಯ ಸಮೀಪ ಖಾಸಗಿ ವಾಚನಾಲಯವೊಂದಿದ್ದಿತು. ಎರಡು ಖೋಲಿ, ನಾಲ್ಕು ಕಪಾಟು, ಮುಂದೆ ಒಂದು ಕಲ್ಲಿನ ಕಟ್ಟೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಕಟ್ಟೆ ತುಂಬುತ್ತಿದ್ದಿತು. ಅಡತಿ ಅಂಗಡಿಗಳಲ್ಲಿ ಲೆಕ್ಕ ಬರೆಯುವ ದಿವಾನಜಿಗಳು, ಒಬ್ಬ ಸಿಂಪಿಗ, ಇಬ್ಬರು ಕನ್ನಡ ಶಾಲೆಯ ಮಾಸ್ತರರು, ಮಗ್ಗದಿಂದ ಎದ್ದು ಬಂದ ನಾಲ್ಕಾರು ಮಂದಿ. ಇವರು ಪುಸ್ತಕ ಮರಳಿ ಕೊಟ್ಟು ಸುಮ್ಮನೆ ಹೋಗುವವರಲ್ಲ. ಕೊಲೆಗಾರನ ಸುಳಿವು ಎಷ್ಟನೆಯ ಪುಟದಲ್ಲಿ ಸಿಕ್ಕಿತು, ಫೌಜದಾರನನ್ನು ಲೇಖಕ ಅಷ್ಟು ದಡ್ಡನನ್ನಾಗಿ ಮಾಡಿದ್ದು ಸರಿಯೇ, ಬೀಗ ಹಾಕಿದ ಕೋಣೆಯೊಳಗೆ ಹೆಣ ಬಂದ ಬಗೆಯನ್ನು ನಂಬಬಹುದೇ, ಇವೆಲ್ಲದರ ವಿಚಾರಣೆ ನಡೆದೇ ತೀರಬೇಕು. ಒಂದು ಕಟ್ಟಳೆ ಮಾತ್ರ ಬಿಗಿಯಾಗಿದ್ದಿತು. ಬಾಯಿ ತೆರೆಯುವ ಮೊದಲು ಸುತ್ತ ಕುಳಿತವರನ್ನೆಲ್ಲ ‘ಓದೀರೇನ್ರಿ?’ ಎಂದು ಕೇಳಬೇಕು. ಓದದವನೊಬ್ಬನಿದ್ದರೂ ಅವನು ಎದ್ದು ವಾಚನಾಲಯದ ಒಳಗೆ ಹೋಗುವವರೆಗೆ ಮಾತು ಮುಂದುವರಿಯುವಂತಿರಲಿಲ್ಲ.

ಹೆಂಗಸರು ಕಟ್ಟೆಗೆ ಬರುವ ರೂಢಿ ಇರಲಿಲ್ಲ. ಆದರೆ ಅವರ ಅಭಿಪ್ರಾಯ ಬರುತ್ತಿದ್ದಿತು. ನಮ್ಮ ಚಿಗವ್ವನ ಪುಸ್ತಕಗಳನ್ನು ಒಯ್ದು ತರುವ ಕೆಲಸ ನನ್ನದು. ಆಕೆಯ ತೀರ್ಪನ್ನು ಕಟ್ಟೆಗೆ ಮುಟ್ಟಿಸುವ ಕೆಲಸವೂ ನನ್ನದೇ. ಒಮ್ಮೆ ಹುಳಿಯಾದ ವಿಷವನ್ನು ಬಿಸಿ ಹಾಲಿನಲ್ಲಿ ಬೆರೆಸಿ ಕೊಲೆ ಮಾಡಿದ ಕತೆ ಬಂದಿದ್ದಿತು. ಹಾಲು ಒಡೆಯದೆ ಹೇಗುಳಿಯಿತೆಂದು ಚಿಗವ್ವ ಕೇಳಿ ಕಳಿಸಿದಳು. ಕಟ್ಟೆ ಕ್ಷಣಕಾಲ ಸ್ತಬ್ಧವಾಯಿತು. ಅಷ್ಟು ಮಂದಿ ಗಂಡಸರಿಗೆ, ಆ ಲೇಖಕರಿಗೂ ಸಹ, ಈ ಮಾತು ಹೊಳೆದೇ ಇರಲಿಲ್ಲ.

ಕಿತ್ತೂರ ನಾಡಿನವರಿಗೆ ದ್ರೋಹದ ಕತೆ ಹೊಸದಲ್ಲ. 1824ರ ಯುದ್ಧದ ಲಾವಣಿಗಳನ್ನು ಕೇಳುತ್ತ ಬೆಳೆದ ಜನ ಇವರು. ಮದ್ದಿನಲ್ಲಿ ಸೆಗಣಿ ಬೆರೆಸಿದರೆಂದು ಜನ ಹೇಳುವ ಕತೆಯನ್ನೂ ಸಂಗೊಳ್ಳಿ ರಾಯಣ್ಣನನ್ನು ಹಿಡಿದುಕೊಟ್ಟ ಬಗೆಯನ್ನೂ ಎಷ್ಟು ಸಾರಿ ಕೇಳಿದರೂ ಬೇಸರವಿಲ್ಲ. ದ್ರೋಹಿ ಯಾರೆಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಬರುತ್ತದೆ, ಕಣ್ಣು ತುಂಬುತ್ತದೆ. ಪತ್ತೇದಾರಿ ಕತೆಯ ನ್ಯಾಯ ಇದಕ್ಕೆ ತಿರುಗುಮುರುಗು. ಅಲ್ಲಿ ಹೆಸರು ಮೊದಲೇ ಗೊತ್ತಾದರೆ ಕತೆ ಸತ್ತಂತೆ. ಲಾವಣಿ ಕೇಳಿ ಪಳಗಿದ ಕಿವಿಗಳು ಈ ಎರಡನೆಯ ಶಿಸ್ತನ್ನು ಯಾರೂ ಕಲಿಸದೆ ಕಲಿತದ್ದು ಸಾಮಾನ್ಯ ಸಂಗತಿಯಲ್ಲ.

ಹಾಗೆ ನೋಡಿದರೆ ಕಳ್ಳನೂ ಕಾವಲಿನವನೂ ಕನ್ನಡಕ್ಕೆ ಇಂಗ್ಲಿಷಿನಿಂದ ಬಂದವರಲ್ಲ. ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸುವ ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರನ ಕತೆಯಿದೆ. ಹಗಲು ಕುಷ್ಠರೋಗಿಯ ವೇಷ, ರಾತ್ರಿ ಕಳವು. ಅರಸನ ಹಾರ ಕಾಣೆಯಾಗುತ್ತದೆ. ತಳಾರ ಯಮದಂಡನಿಗೆ ಅದನ್ನು ಹುಡುಕಲು ಏಳು ದಿನಗಳ ಗಡುವು. ಕೊನೆಗೆ ನೋಡಿದರೆ ಹಿಡಿದವನೂ ಸಿಕ್ಕಿಬಿದ್ದವನೂ ಬಾಲ್ಯದ ಗೆಳೆಯರು. ಈ ಕತೆಯನ್ನು ನಾವು ತರಗತಿಯಲ್ಲಿ ಗಂಭೀರವಾಗಿ ಪಾಠ ಹೇಳುತ್ತೇವೆ. ಅದೇ ಗಂಟೆಯಲ್ಲಿ ಹಿಂದಿನ ಬೆಂಚಿನ ಹುಡುಗನ ಕೈಯಲ್ಲಿ ಪತ್ತೇದಾರಿ ಕಾದಂಬರಿ ಸಿಕ್ಕರೆ ಕಸಿದುಕೊಳ್ಳುತ್ತೇವೆ.

ಆಧುನಿಕ ಪತ್ತೇದಾರಿ ಕತೆ 1841ರಲ್ಲಿ ಅಮೇರಿಕೆಯ ಎಡ್ಗರ್ ಆಲನ್ ಪೋನಿಂದ ಮೊದಲಾಯಿತೆನ್ನುತ್ತಾರೆ. 1887ರಲ್ಲಿ ಷರ್ಲಾಕ್ ಹೋಮ್ಸ್ ಬಂದ. 1893ರಲ್ಲಿ ಕಾನನ್ ಡಾಯ್ಲ್ ಅವನನ್ನು ಕೊಂದುಹಾಕಿದಾಗ ಓದುಗರು ಪತ್ರದ ಮೇಲೆ ಪತ್ರ ಬರೆದು ಪ್ರತಿಭಟಿಸಿದರು. ಹತ್ತು ವರ್ಷಗಳ ಮೇಲೆ ಲೇಖಕ ಅವನನ್ನು ಬದುಕಿಸಬೇಕಾಯಿತು. ಓದುಗರ ಅಭಿಪ್ರಾಯಕ್ಕೆ ಸತ್ತವನನ್ನು ಎಬ್ಬಿಸುವ ಶಕ್ತಿಯಿರುವುದು ಈ ಒಂದು ಜಾತಿಯ ಸಾಹಿತ್ಯದಲ್ಲಿ ಮಾತ್ರವೋ ಏನೋ! ಕನ್ನಡದಲ್ಲಿ ಮೈಸೂರಿನ ತಾತಯ್ಯನವರು, ಎಂದರೆ ಎಂ. ವೆಂಕಟಕೃಷ್ಣಯ್ಯನವರು (1844–1933), ‘ಚೋರಗ್ರಹಣ ತಂತ್ರ’ವನ್ನು ಬರೆದರು. ನಮ್ಮ ಕಡೆ ಜನರಿಗೆ ಕಾದಂಬರಿಯ ರುಚಿ ಹತ್ತಿಸಿದವರು ಗಳಗನಾಥರು (1869–1942). ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಪುಣ್ಯಾತ್ಮರು ಅವರು. ಅವರದು ಐತಿಹಾಸಿಕ ಕಾದಂಬರಿ, ಪತ್ತೇದಾರಿಯಲ್ಲ. ಆದರೆ ಮುಂದೇನಾಯಿತೆಂಬ ಹಸಿವನ್ನು ಹುಟ್ಟಿಸಿದವರು ಅವರೇ.

ಸಂಪಗಾಂವ ತಾಲೂಕೆಂದು ಕರೆಯಿಸಿಕೊಳ್ಳುತ್ತಿದ್ದ ನಮ್ಮ ಸೀಮೆ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದಿತಷ್ಟೆ. ಆದ್ದರಿಂದ ಹಿರಿಯ ತಲೆಮಾರಿನ ಎಷ್ಟೋ ಮಂದಿ ಕೊಲೆಯ ಕತೆಗಳನ್ನು ಮೊದಲು ಓದಿದುದು ಮರಾಠಿಯಲ್ಲಿ. ಬಾಬುರಾವ ಅರ್ನಾಳಕರರು ಸಾವಿರಕ್ಕೂ ಮಿಕ್ಕಿ ರಹಸ್ಯಕತೆಗಳನ್ನು ಬರೆದವರು. ಅವರ ಝುಂಜಾರ, ಕಾಳಾಪಹಾಡ ಎಂಬ ವೀರರು ನಮ್ಮ ಪೇಟೆಯ ದಿವಾನಜಿಗಳಿಗೆ ಮನೆಯವರಂತೆ ಪರಿಚಿತರು. ಅತ್ತ ಬೆಂಗಳೂರಿನಲ್ಲಿ 1952ರಲ್ಲಿ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಪ್ರಕಟವಾಯಿತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಮನುಷ್ಯ. ಬರೆದದ್ದು ಐನೂರಕ್ಕೂ ಮಿಕ್ಕಿ ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳೀರಾಯ, ಹೀಗೆ ಪತ್ತೇದಾರರ ಒಂದು ದಂಡನ್ನೇ ಕಟ್ಟಿದರು. ಏಕೀಕರಣವಾದ ಮೇಲೆ ಈ ಪುಸ್ತಕಗಳು ರೈಲು, ಬಸ್ಸು ಹತ್ತಿ ನಮ್ಮತ್ತ ಬಂದುವು. ಮೈಸೂರಿನವರ ಕನ್ನಡ ತಿಳಿಯುವುದಿಲ್ಲವೆಂದು ನಮ್ಮವರು ಗೊಣಗುತ್ತಿದ್ದ ಕಾಲ ಅದು. ನರಸಿಂಹಯ್ಯನವರ ಸಣ್ಣ ಸಣ್ಣ ವಾಕ್ಯಗಳಿಗೆ ಯಾರೂ ಗೊಣಗಲಿಲ್ಲ. ಏಕೀಕರಣಕ್ಕಾಗಿ ದುಡಿದವರ ಪಟ್ಟಿಯಲ್ಲಿ ಪತ್ತೇದಾರ ಪುರುಷೋತ್ತಮನನ್ನು ಸೇರಿಸಬೇಕೆಂದು ನಾನು ಒತ್ತಾಯಿಸುವುದಿಲ್ಲ. ಆದರೆ ಅವನ ಹೆಸರು ಬಂದರೆ ಆಕ್ಷೇಪಿಸುವುದೂ ಇಲ್ಲ. ಮುಂದೆ ಟಿ. ಕೆ. ರಾಮರಾಯರು ಬಂದರು. ‘ಬಂಗಾರದ ಮನುಷ್ಯ’ದ ಕರ್ತೃವೆಂದು ನಾಡು ಅವರನ್ನು ಬಲ್ಲುದು, ಕಟ್ಟೆಯ ಮಂದಿ ಬಲ್ಲುದು ಅವರ ಪತ್ತೇದಾರಿಯನ್ನು.

ಕಟ್ಟೆಯ ಮಾತು ಗಾಳಿಗೆ ಹೋಯಿತು. ಉಳಿಯುವಂಥದು ಪೆನ್ಸಿಲಿನಲ್ಲಿ ಬರೆದದ್ದು. ವಾಚನಾಲಯದ ಪುಸ್ತಕದಲ್ಲಿ ಬರೆಯಬಾರದೆಂಬ ಹಲಗೆ ತೂಗುಹಾಕಿದ್ದರೂ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕೊನೆಯ ಪುಟದ ಖಾಲಿ ಜಾಗದಲ್ಲಿ ಒಬ್ಬ ಹೊಗಳುವನು, ಕೆಳಗೆ ಇನ್ನೊಬ್ಬ ಅವನನ್ನೇ ತೆಗಳುವನು, ಮೂರನೆಯವನು ಇಬ್ಬರಿಗೂ ಬುದ್ಧಿ ಹೇಳುವನು. ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಬರೆದಿಡುವ ದುಷ್ಟನೊಬ್ಬನೂ ಇದ್ದ. ಮೂರು ಪುಸ್ತಕಗಳಲ್ಲಿ ಅವನು ಬರೆದ ಹೆಸರು ತಪ್ಪಾಗಿತ್ತೆಂಬುದು ಆಮೇಲೆ ತಿಳಿದು ಕಟ್ಟೆಗೆ ಪರಮಾನಂದವಾಯಿತು. ಆ ಪೆನ್ಸಿಲ್ ಬರಹಗಳ ಮುಖ್ಯ ದೂರುಗಳು ಎರಡು ಎಂದು ನನ್ನ ನೆನಪು. ಕೊನೆಯ ಅಧ್ಯಾಯದವರೆಗೂ ಕಾಣಿಸದವನನ್ನು ತಂದು ಕೊಲೆಗಾರನೆಂದು ನಿಲ್ಲಿಸುವುದು ಒಂದು. ಮೊದಲು ಸುಳಿವೇ ಕೊಡದೆ ಅವಳಿ ಅಣ್ಣತಮ್ಮಂದಿರನ್ನು ಹೊರಗೆ ತೆಗೆಯುವುದು ಇನ್ನೊಂದು. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕತೆಗೆ ಹತ್ತು ಸೂತ್ರಗಳನ್ನು ಮಾಡಿದ. ಅಪರಾಧಿ ಕತೆಯ ಮೊದಲ ಭಾಗದಲ್ಲಿಯೇ ಕಾಣಿಸಿಕೊಂಡಿರಬೇಕೆಂಬುದೂ ಸಿದ್ಧತೆಯಿಲ್ಲದೆ ಅವಳಿಗಳನ್ನು ತರಬಾರದೆಂಬುದೂ ಅವುಗಳಲ್ಲಿವೆ. ನಾಕ್ಸನ ಹೆಸರನ್ನು ಕೇಳದ ಬೈಲಹೊಂಗಲದ ಸಿಂಪಿಗನೊಬ್ಬ ಅದೇ ತೀರ್ಮಾನಕ್ಕೆ ಬಂದದ್ದು ಹೇಗೆ? ನೂರಾರು ಪುಸ್ತಕ ಓದಿ, ಮೋಸ ಹೋಗಿ, ಯಾವ ಮೋಸ ನ್ಯಾಯದ್ದು ಯಾವುದು ಅನ್ಯಾಯದ್ದೆಂದು ತೂಗಿ ನೋಡಿ. ವಿಮರ್ಶೆ ಎಂದರೆ ಇದಲ್ಲವಾದರೆ ಬೇರೆ ಯಾವುದು?

ಈಗ ನನ್ನ ಲೆಕ್ಕ. ಆ ವಾಚನಾಲಯ ಮುಚ್ಚಿದ ಮೇಲೆ ಅದರ ಪುಸ್ತಕಗಳು ಒಂದು ಕಾಲೇಜಿಗೆ ದಾನವಾಗಿ ಬಂದುವು. 2009ರಲ್ಲಿ ನಾನು ಅಲ್ಲಿಯೇ ಹೊಸದಾಗಿ ಅಧ್ಯಾಪಕನಾಗಿ ಸೇರಿದೆ. ಎಂ.ಎ. ಮುಗಿಸಿದ ಹುರುಪು, ಕಾವ್ಯಮೀಮಾಂಸೆಗಿಂತ ಕೆಳಗಿನ ಮಾತೇ ಇಲ್ಲ. ಹರಿದು ಹೋದ ಪುಸ್ತಕಗಳನ್ನು ಲೆಕ್ಕದಿಂದ ತೆಗೆಯುವ ಪಟ್ಟಿ ನನ್ನ ಮುಂದೆ ಬಂದಿತು. ಎರಡು ಚೀಲದಷ್ಟು ಪತ್ತೇದಾರಿ ಕಾದಂಬರಿಗಳು. ರಟ್ಟು ಕಿತ್ತಿದ್ದುವು, ಹೊಲಿಗೆ ಬಿಚ್ಚಿದ್ದುವು, ಪುಟಗಳ ಅಂಚು ಬೆರಳಿನ ಎಣ್ಣೆಗೆ ಕಪ್ಪಾಗಿದ್ದುವು. ನಾನು ನಕ್ಕು ಸಹಿ ಹಾಕಿದೆ. ರದ್ದಿಯವನು ತೂಕ ಮಾಡಿ ಒಯ್ದ. ಅದೇ ಕಪಾಟಿನಲ್ಲಿ ಮೂವತ್ತು ವರ್ಷಗಳಿಂದ ಯಾರೂ ಮುಟ್ಟದ ಪ್ರೌಢ ಪ್ರಬಂಧಗಳು ಹೊಸದರಂತೆ ಹೊಳೆಯುತ್ತಿದ್ದುವು, ಅವು ಉಳಿದುವು. ಗ್ರಂಥಾಲಯಗಳಲ್ಲಿ ನಡೆಯುವುದು ಹೀಗೆಯೇ: ಹೆಚ್ಚು ಓದಿಸಿಕೊಂಡ ಪುಸ್ತಕ ಮೊದಲು ಸಾಯುತ್ತದೆ. ಮುಂದೆ ಚರಿತ್ರೆ ಬರೆಯುವವನು ಕಪಾಟು ನೋಡಿ, ಈ ಊರಿನವರು ಪ್ರೌಢ ಪ್ರಬಂಧಗಳನ್ನು ಮಾತ್ರ ಓದುತ್ತಿದ್ದರೆಂದು ತಿಳಿದರೆ ಆಶ್ಚರ್ಯವಿಲ್ಲ. ಸಾಕ್ಷ್ಯ ನಾಶಮಾಡಿದವನು ನಾನು.

2011ರ ಡಿಸೆಂಬರಿನಲ್ಲಿ ನರಸಿಂಹಯ್ಯನವರು ತೀರಿಕೊಂಡರು. ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ಬೆಳಿಗ್ಗೆಯೇ ಕಟ್ಟೆಯ ಹಳೆಯ ದಿವಾನಜಿ ಕಾಕಾ ನಮ್ಮ ಮನೆಗೆ ಬಂದರು. ಆಗಲೇ ಎಪ್ಪತ್ತರ ಹತ್ತಿರದ ವಯಸ್ಸು. ಹುಡುಗನಾಗಿದ್ದಾಗ ನನ್ನನ್ನು ‘ತಮ್ಮಾ’ ಎನ್ನುತ್ತಿದ್ದವರು, ಕೆಲಸಕ್ಕೆ ಸೇರಿದ ಮೇಲೆ ‘ಮಾಸ್ತರ’ ಎನ್ನತೊಡಗಿದ್ದರು.

“ಮಾಸ್ತರ, ನಿಮ್ಮ ಕಾಲೇಜಿನ್ಯಾಗ ಏನರ ಸಭಾ ಮಾಡ್ತೀರೇನ್ರಿ?”

ಇಲ್ಲವೆಂದೆ. ಪಠ್ಯದಲ್ಲಿ ಅವರ ಪುಸ್ತಕ ಇಲ್ಲವೆಂದೂ ಸೇರಿಸಿದೆ, ಅದೊಂದು ಕಾರಣವೆಂಬಂತೆ.

“ಇರ್ಲಿ ಬಿಡ್ರಿ. ವಾಚನಾಲಯದ್ದು ಪುಸ್ತಕ ನಿಮ್ಮಲ್ಲೇ ಅದಾವಲ್ಲ, ನಾಕು ದಿನ ಓದಾಕ ಎರಡು ಕೊಡಸ್ರಿ.”

ಆ ಮಾತಿಗೆ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಕಡೆಗೆ ರದ್ದಿಯ ಸಂಗತಿಯನ್ನು ಹೇಳಿದೆ. ಕಾಕಾ ಬೈಯಲಿಲ್ಲ. ಚಹ ಕುಡಿದು, ಬಗಲಲ್ಲಿದ್ದ ಪತ್ರಿಕೆಯನ್ನು ಮಡಿಸಿಕೊಂಡು ಎದ್ದು ಹೋದರು. ಬೈದಿದ್ದರೆ ಒಳ್ಳೆಯದಾಗುತ್ತಿತ್ತು.

ಅದಾದ ಮೇಲೆ ನಾನು ರದ್ದಿ ಅಂಗಡಿಗಳನ್ನೂ, ಹಳೆಯ ಓದುಗರ ಅಟ್ಟಗಳನ್ನೂ ಹುಡುಕತೊಡಗಿದೆ. ಈವರೆಗೆ ಸಿಕ್ಕಿದ್ದು ಹತ್ತೊಂಬತ್ತು ಪುಸ್ತಕ. ಪತ್ತೇದಾರಿಕೆ ಸುಲಭದ ಕೆಲಸವಲ್ಲವೆಂದು ಈಗ ಅನುಭವದಿಂದ ಹೇಳಬಲ್ಲೆ. ಅವುಗಳಲ್ಲಿ ಒಂದನ್ನು ಕಾಕಾ ಅವರೇ ತಂದುಕೊಟ್ಟರು. ವಾಚನಾಲಯಕ್ಕೆ ಮರಳಿ ಕೊಡದೆ ಮನೆಯಲ್ಲಿ ಉಳಿಸಿಕೊಂಡ ಪುಸ್ತಕವೆಂದು ನಾಚುತ್ತಲೇ ಒಪ್ಪಿಕೊಂಡರು. ಅದಕ್ಕೆ ರಟ್ಟಿಲ್ಲ, ಹೆಸರಿನ ಪುಟವಿಲ್ಲ. ಕೊನೆಯ ಫಾರ್ಮೂ ಕಿತ್ತುಹೋಗಿದೆ. ಪತ್ತೇದಾರ ಎಲ್ಲರನ್ನೂ ಹಜಾರಕ್ಕೆ ಕರೆಸಿ, ಕೊಲೆಗಾರ ಇಲ್ಲಿಯೇ ಇದ್ದಾನೆಂದು ಹೇಳುವಲ್ಲಿಗೆ ಪುಸ್ತಕ ನಿಲ್ಲುತ್ತದೆ. ಇಂಥ ಕಡೆಯಿಲ್ಲದ ಪುಸ್ತಕಗಳಿಂದಲೇ ಕಟ್ಟೆಯಲ್ಲಿ ಎಷ್ಟೋ ಗೆಳೆತನಗಳು ಬೆಳೆದುವು. ಫಾರ್ಮು ಹರಿಯುವ ಮೊದಲು ಓದಿದವನನ್ನು ಹುಡುಕಿಕೊಂಡು ಹೋಗುವುದು ಅನಿವಾರ್ಯವಾಗಿತ್ತು.

ಉಳಿದ ಕೊನೆಯ ಪುಟದ ಅಂಚಿನಲ್ಲಿ ಮೂರು ಕೈಬರಹಗಳಿವೆ. ಒಬ್ಬರ ಪ್ರಕಾರ ಕೊಲೆಗಾರ ವಕೀಲ. ಎರಡನೆಯವರು ಅದನ್ನು ಹೊಡೆದು ಹಾಕಿ, ಅಡಿಗೆಯವನೆಂದು ಬರೆದು, ಕಾರಣಗಳನ್ನು ಕೊಟ್ಟಿದ್ದಾರೆ. ಮೂರನೆಯವರದು ಮಸಿಯ ಬರಹ. ಸತ್ತವನ ಹೆಂಡತಿಯ ಹೆಸರು, ಒಂದು ಪುಟಸಂಖ್ಯೆ, ಅಷ್ಟೆ. ನಾನು ಆ ಪುಟವನ್ನು ತೆಗೆದು ನೋಡಿದೆ. ಆಕೆ ಬೆಳಗಿನ ಜಾವ ಬಾವಿಯಿಂದ ನೀರು ತಂದಳೆಂದಿದೆ. ಹಗ್ಗ ಹಿಂದಿನ ರಾತ್ರಿಯೇ ಕಾಣೆಯಾಗಿತ್ತಲ್ಲ! ನನ್ನ ಮತ ಈ ಮೂರನೆಯವರ ಕಡೆ. ಎರಡನೆಯ ಬರಹ ತಮ್ಮದೆಂದೂ, ಅಡಿಗೆಯವನೇ ಸರಿಯೆಂದೂ, ಫಾರ್ಮು ಹರಿಯುವ ಮೊದಲೇ ತಾವು ಓದಿದ್ದಾಗಿಯೂ ಕಾಕಾ ಹಟ ಹಿಡಿದಿದ್ದಾರೆ. ಬೇರೆ ಪ್ರತಿ ಸಿಗುವವರೆಗೆ ಈ ವಾದ ನಡೆದೇ ಇದೆ. ವಾರಕ್ಕೊಮ್ಮೆಯಾದರೂ ಅವರು ಬಂದು ಕೂಡುತ್ತಾರೆ.