ಟಿಕೇಟಿನಲ್ಲಿ ಸೇರಿದ್ದು, ಸೇರದೆ ಉಳಿದದ್ದು

ಶಾಲೆಯ ಸೂಚನಾ ಫಲಕದ ಮೇಲೆ ಪ್ರವಾಸದ ಸುತ್ತೋಲೆ ಅಂಟಿಸಿದ ದಿನ ನಿಮಗೆ ನೆನಪಿರಬಹುದು. ‘ಬಸ್ಸು, ವಸತಿ, ಊಟ ಸೇರಿ ಇಷ್ಟು ರೂಪಾಯಿ’ ಎಂದು ದಪ್ಪ ಅಕ್ಷರದಲ್ಲಿ ಒಂದು ಸಾಲು. ಅದರ ಕೆಳಗೆ ಸಣ್ಣದಾಗಿ, ‘ಪ್ರವೇಶ ಶುಲ್ಕ ಹಾಗೂ ಇತರೆ ಖರ್ಚು ವಿದ್ಯಾರ್ಥಿಗಳದ್ದೇ’. ಎಂಟನೆಯ ತರಗತಿಯಲ್ಲಿ ನಾನು ದಪ್ಪ ಅಕ್ಷರವನ್ನಷ್ಟೇ ಓದಿದ್ದೆ. ಹಾಗಾಗಿ ರಂಗನತಿಟ್ಟಿನಲ್ಲಿ ಗೆಳೆಯರೆಲ್ಲ ದೋಣಿ ಹತ್ತಿದಾಗ ನಾನು ದಡದಲ್ಲಿ ಅವರ ಚೀಲಗಳನ್ನು ಕಾಯುತ್ತ ಕುಳಿತೆ. ಮೊಸಳೆ ಕಂಡ ಕಥೆಯನ್ನು ಬಸ್ಸಿನಲ್ಲಿ ಕೇಳಿ ತೃಪ್ತಿಪಡಬೇಕಾಯಿತು.

ಇದು ಸಣ್ಣ ವಿಷಯ. ಆದರೆ ‘ದರದಲ್ಲಿ ಏನು ಸೇರಿದೆ, ಏನು ಸೇರಿಲ್ಲ’ ಎಂಬ ಇದೇ ಪ್ರಶ್ನೆ ಒಂದು ಕಾಲದಲ್ಲಿ ಸಾವಿರಾರು ಜನರ ಪ್ರಾಣದ ಪ್ರಶ್ನೆಯಾಗಿತ್ತು ಎಂದರೆ ನಂಬುವಿರಾ? ಹಡಗು ಪ್ರಯಾಣದ ಇತಿಹಾಸವನ್ನು ಟಿಕೇಟಿನ ಕಡೆಯಿಂದ ಒಮ್ಮೆ ಓದಿ ನೋಡೋಣ.

ನೀರಿನ ಅಳತೆ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಹೋಗುತ್ತಿದ್ದ ಬಡವರಿಗೆ ಹಡಗಿನ ಕೆಳ ಅಂತಸ್ತಿನಲ್ಲಿ ಜಾಗ ಸಿಗುತ್ತಿತ್ತು. ಟಿಕೇಟಿಗೆ ಸಿಗುತ್ತಿದ್ದುದು ಮುಖ್ಯವಾಗಿ ಆ ಜಾಗವೇ. ಆಹಾರವನ್ನು ಬಹಳಷ್ಟು ಮಟ್ಟಿಗೆ ಅವರವರೇ ತಂದುಕೊಳ್ಳಬೇಕು. ಹಾಯಿ ಹಡಗು ಗಾಳಿಯನ್ನು ನಂಬಿ ಸಾಗುವಂಥದ್ದು. ಗಾಳಿ ಬೀಸದಿದ್ದರೆ ಪ್ರಯಾಣ ವಾರಗಟ್ಟಲೆ ಉದ್ದವಾಗುತ್ತದೆ. ತಂದ ರೊಟ್ಟಿ ಮುಗಿದ ಮೇಲೆ ನಡುಗಡಲಿನಲ್ಲಿ ಅಂಗಡಿ ಎಲ್ಲಿಂದ ಬರಬೇಕು?

ಬ್ರಿಟಿಷ್ ಸಂಸತ್ತು 1803ರಿಂದಲೇ ಪ್ರಯಾಣಿಕರ ಕಾಯ್ದೆಗಳನ್ನು ಮಾಡತೊಡಗಿತು. 1842ರ ಕಾಯ್ದೆ ಇನ್ನಷ್ಟು ಸ್ಪಷ್ಟವಾಗಿತ್ತು: ಪ್ರತಿಯೊಬ್ಬ ಪ್ರಯಾಣಿಕನಿಗೂ ದಿನಕ್ಕೆ 3 ಕ್ವಾರ್ಟ್ ನೀರು, ವಾರಕ್ಕೆ 7 ಪೌಂಡ್ ಬ್ರೆಡ್ಡು, ಹಿಟ್ಟು, ಅಕ್ಕಿಯಂಥ ಧಾನ್ಯಾಹಾರ. ಇದನ್ನು ನಮ್ಮ ಅಳತೆಗೆ ತನ್ನಿ. ನೀರು ಸುಮಾರು 3.4 ಲೀಟರು, ಧಾನ್ಯ ದಿನಕ್ಕೆ ಸುಮಾರು 450 ಗ್ರಾಂ. ಕುಡಿಯುವುದು, ಬೇಯಿಸುವುದು, ತೊಳೆಯುವುದು ಎಲ್ಲಕ್ಕೂ ಅಷ್ಟೇ ನೀರು. ಅಡುಗೆಯನ್ನು ಪ್ರಯಾಣಿಕರೇ ಮಾಡಿಕೊಳ್ಳಬೇಕು, ನೂರಾರು ಜನರಿಗೆ ಇರುವ ಕೆಲವೇ ಒಲೆಗಳ ಮುಂದೆ ಸರದಿ ನಿಂತು.

1845ರಲ್ಲಿ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಬಂತು. ಹಸಿದವರು ಸಿಕ್ಕ ಹಡಗು ಹತ್ತಿದರು. ಆಗ ಸ್ಟೀಫನ್ ಡಿ ವೇರ್ ಎಂಬ ಐರಿಷ್ ಜಮೀನ್ದಾರ ಒಂದು ಅಪರೂಪದ ಕೆಲಸ ಮಾಡಿದ. ಮೇಲಿನ ದರ್ಜೆಯಲ್ಲಿ ಹೋಗಬಲ್ಲ ಅನುಕೂಲವಿದ್ದರೂ 1847ರಲ್ಲಿ ವಲಸೆಗಾರರ ಜೊತೆ ಕೆಳ ಅಂತಸ್ತಿನಲ್ಲೇ ಕುಳಿತು ಕೆನಡಾಕ್ಕೆ ಹೋದ. ಕಂಡದ್ದನ್ನು ಪತ್ರದಲ್ಲಿ ಬರೆದ. ಹಡಗಿನಲ್ಲಿ ತುಂಬಿಸಿದ್ದ ನೀರಿಗೆ ಕೊರತೆ ಇರಲಿಲ್ಲ. ಆದರೆ ಹಂಚುತ್ತಿದ್ದುದು ಅಲ್ಪ. ಬೇಯಿಸಲೂ, ಆಮೇಲೆ ಬಾಯಾರಿಕೆ ತಣಿಸಲೂ ಸಾಲದೆ ಜನ ಉಪ್ಪು ಹಾಕಿದ ಮಾಂಸವನ್ನೂ ಅಕ್ಕಿಯನ್ನೂ ಸಮುದ್ರಕ್ಕೆ ಎಸೆಯುತ್ತಿದ್ದರು. ಅಳೆಯುವ ಪಾತ್ರೆಯೇ ಮೋಸದ್ದು: ಒಂದು ಗ್ಯಾಲನ್ ಎಂದು ಕರೆಯುತ್ತಿದ್ದ ಪಾತ್ರೆಯಲ್ಲಿ ಹಿಡಿಯುತ್ತಿದ್ದುದು 3 ಕ್ವಾರ್ಟ್ ಮಾತ್ರ. ಗ್ಯಾಲನ್ನಿಗೆ 4 ಕ್ವಾರ್ಟ್ ಎಂಬುದನ್ನು ನೆನಪಿಟ್ಟುಕೊಂಡರೆ, ಕಾಲು ಭಾಗ ಕಳವು! ಡಿ ವೇರ್ ಇದನ್ನು ಕ್ವಿಬೆಕ್ ನಗರದಲ್ಲಿ ಸಾಬೀತುಪಡಿಸಿ ಕಪ್ತಾನನಿಗೆ ದಂಡ ಹಾಕಿಸಿದ.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಪ್ರಸಂಗ ಬಹಳ ಇಷ್ಟ. ಪ್ರಯೋಗಾಲಯದಲ್ಲಿ ನಾವು ಮೊದಲು ಪರೀಕ್ಷಿಸುವುದು ಉಪಕರಣವನ್ನು. ಕಾಯ್ದೆ ಕಾಗದದ ಮೇಲೆ ಸರಿಯಿದ್ದರೆ ಸಾಲದು. ಅಳೆಯುವ ಪಾತ್ರೆಯೂ ಸರಿಯಿರಬೇಕು.

ಆ ಒಂದೇ ವರ್ಷ ಕೆನಡಾದ ಗ್ರೋಸ್ ಈಲ್ ಎಂಬ ಕ್ವಾರಂಟೈನ್ ದ್ವೀಪದಲ್ಲಿ 5 ಸಾವಿರಕ್ಕೂ ಹೆಚ್ಚು ಜನರನ್ನು ಹೂಳಬೇಕಾಯಿತು. ಕೊಂದದ್ದು ಮುಖ್ಯವಾಗಿ ಟೈಫಸ್ ಜ್ವರ. ಹಸಿವು, ಕೊಳಕು, ಇಕ್ಕಟ್ಟು ಅದಕ್ಕೆ ದಾರಿ ಮಾಡಿಕೊಟ್ಟವು. ಡಿ ವೇರನ ಪತ್ರ ಬ್ರಿಟಿಷ್ ಸಂಸತ್ತಿನವರೆಗೂ ಹೋಯಿತು. ನಂತರದ ಕಾಯ್ದೆಗಳು ಬಿಗಿಯಾದವು. 1850ರ ದಶಕದ ವೇಳೆಗೆ ವಲಸೆ ಹಡಗುಗಳಲ್ಲಿ ಅಡುಗೆಯವನೂ ಇರಬೇಕೆಂಬ ನಿಯಮ ಬಂತು. ‘ಊಟ ಸೇರಿದೆ’ ಎಂದು ಇಂದು ನಾವು ಸಲೀಸಾಗಿ ಓದುವ ಎರಡು ಪದಗಳ ಹಿಂದೆ ಇಷ್ಟು ಗೋರಿಗಳಿವೆ.

ಸುಖಕ್ಕಾಗಿ ಸಮುದ್ರ

ಬದುಕಲೆಂದು ಸಮುದ್ರ ದಾಟುವವರ ಜೊತೆಗೆ, ಸುಮ್ಮನೆ ನೋಡಲೆಂದು ದಾಟುವವರೂ ಕ್ರಮೇಣ ಹುಟ್ಟಿಕೊಂಡರು. 1867ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಿಂದ ‘ಕ್ವೇಕರ್ ಸಿಟಿ’ ಎಂಬ ಹಡಗು ಯುರೋಪು ಮತ್ತು ಪವಿತ್ರ ಭೂಮಿಯ ಕಡೆ ಹೊರಟಿತು. ಅದರಲ್ಲಿದ್ದ ಮಾರ್ಕ್ ಟ್ವೇನ್ ಆಮೇಲೆ ಅದರ ಬಗ್ಗೆ ಪುಸ್ತಕ ಬರೆದು ಪ್ರಸಿದ್ಧನಾದ. ಅವನ ಪ್ರಯಾಣ ದರ ಕೊಟ್ಟದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪತ್ರಿಕೆ.

ಆ ಪ್ರವಾಸದ ಪ್ರಕಟಣೆಯನ್ನು ಗಮನಿಸಿ. ದೊಡ್ಡವರಿಗೆ ತಲಾ 1250 ಡಾಲರ್. ಶೇಕಡಾ ಹತ್ತು ಮುಂಗಡ. ಬಂದರಿನಲ್ಲಿ ಹಡಗಿನಲ್ಲೇ ಉಳಿಯಲು ಹೆಚ್ಚುವರಿ ಹಣವಿಲ್ಲ, ದಡಕ್ಕೆ ಹೋಗುವ ದೋಣಿಯ ಖರ್ಚು ಹಡಗಿನದ್ದೇ. ಆದರೆ ದಡ ಹತ್ತಿದ ಮೇಲಿನ ಖರ್ಚು ನಿಮ್ಮದು: ದಿನಕ್ಕೆ 5 ಡಾಲರ್ ಲೆಕ್ಕ ಹಾಕಿಕೊಳ್ಳಿ, ಅದೂ ಚಿನ್ನದಲ್ಲಿ! ಚಿನ್ನ ಏಕೆ? ಅಮೆರಿಕದ ಅಂತರ್ಯುದ್ಧ ಮುಗಿದು ಎರಡೇ ವರ್ಷವಾಗಿತ್ತು. ಕಾಗದದ ಡಾಲರಿನ ಬೆಲೆ ಕುಸಿದಿತ್ತು. ಒಂದು ಚಿನ್ನದ ಡಾಲರಿಗೆ ಸುಮಾರು 1.4 ಕಾಗದದ ಡಾಲರ್ ಬೇಕಾಗುತ್ತಿತ್ತು. ನೂರು ದಿನ ದಡದಲ್ಲಿ ಕಳೆದವನಿಗೆ 500 ಚಿನ್ನದ ಡಾಲರ್, ಎಂದರೆ ಸುಮಾರು 700 ಕಾಗದದ ಡಾಲರ್. ಟಿಕೇಟಿನ ಅರ್ಧಕ್ಕಿಂತ ಹೆಚ್ಚು! ಆದರೂ ಪ್ರಕಟಣೆ ಅದನ್ನು ಮುಚ್ಚಿಡಲಿಲ್ಲ, ಮೊದಲೇ ಹೇಳಿತು.

ದರದಲ್ಲಿ ಸೇರಿದ್ದೆಲ್ಲ ಎಲ್ಲರಿಗೂ ದಕ್ಕುತ್ತದೆಯೇ? ಭಾರತಕ್ಕೆ ಬರುತ್ತಿದ್ದ ಪಿ ಅಂಡ್ ಓ ಹಡಗುಗಳಲ್ಲಿ ಆರಂಭದ ದಶಕಗಳಲ್ಲಿ ಮೊದಲ ದರ್ಜೆಯ ಟಿಕೇಟಿನೊಳಗೆ ಮದ್ಯವೂ ಸೇರಿತ್ತು. ಕುಡಿಯದವನೂ ಕುಡಿಯುವವನ ಪಾಲು ಕೊಟ್ಟ ಹಾಗಾಯಿತಲ್ಲ! 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ಹದಿನೆಂಟರ ಹುಡುಗ ಮೋಹನದಾಸ ಗಾಂಧಿಯದು ಇನ್ನೊಂದು ಬಗೆಯ ಕಷ್ಟ. ಹಡಗಿನ ಊಟಕ್ಕೆ ಹಣ ಕೊಟ್ಟಾಗಿತ್ತು. ಯಾವುದರಲ್ಲಿ ಮಾಂಸವಿಲ್ಲ ಎಂದು ಕೇಳಲು ಇಂಗ್ಲಿಷು ಬಾಯಿಗೆ ಬರುತ್ತಿರಲಿಲ್ಲ, ಸಂಕೋಚ ಬೇರೆ. ಹೀಗಾಗಿ ಕ್ಯಾಬಿನ್ನಿನಲ್ಲಿ ಕುಳಿತು ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳಲ್ಲೇ ಹೊಟ್ಟೆ ತುಂಬಿಸಿಕೊಂಡರು ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

1891ರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ ತನ್ನ ಕಂಪನಿಯ ‘ಆಗಸ್ಟಾ ವಿಕ್ಟೋರಿಯಾ’ ಹಡಗನ್ನು 241 ಪ್ರಯಾಣಿಕರೊಂದಿಗೆ ಮೆಡಿಟರೇನಿಯನ್ ವಿಹಾರಕ್ಕೆ ಕಳಿಸಿದ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ. ಖಾಲಿ ನಿಂತ ಹಡಗಿಗೂ ಖರ್ಚು ತಪ್ಪದು. ಅದನ್ನು ಬಿಸಿಲ ಕಡೆಗೆ ಓಡಿಸಿದರೇನು ಎಂಬ ಸರಳ ಲೆಕ್ಕ. ಇಂದಿನ ವಿಹಾರ ನೌಕೆಗಳ ವ್ಯಾಪಾರಕ್ಕೆ ಅದು ನಾಂದಿಯಾಯಿತು.

ಸಂಗೀತದ ಬೆಲೆ

ಇನ್ನು ನಿಮಗೆಲ್ಲ ಗೊತ್ತಿರುವ ಹಡಗು, 1912ರ ‘ಟೈಟಾನಿಕ್’. ಮೂರನೆಯ ದರ್ಜೆಯವರಿಗೂ ಟಿಕೇಟಿನಲ್ಲೇ ಊಟ ಬಡಿಸುತ್ತಿದ್ದರು. ಮೊದಲ ದರ್ಜೆಯಲ್ಲಿ ಹಬೆ ಸ್ನಾನಕ್ಕೆ 4 ಷಿಲಿಂಗ್ ಬೇರೆ. ನಿಸ್ತಂತು ತಂತಿ ಕಳಿಸಲು ಮೊದಲ ಹತ್ತು ಪದಕ್ಕೆ 12 ಷಿಲಿಂಗ್ 6 ಪೆನ್ಸ್. ಮೂರನೆಯ ದರ್ಜೆಯ ಒಂದು ಟಿಕೇಟು ಸುಮಾರು 7 ಪೌಂಡ್ 15 ಷಿಲಿಂಗ್, ಅಂದರೆ 155 ಷಿಲಿಂಗ್. ಹನ್ನೆರಡು ತಂತಿಗಳ ಹಣದಲ್ಲಿ ಒಬ್ಬ ಬಡವ ಅಟ್ಲಾಂಟಿಕ್ ದಾಟಬಹುದಿತ್ತು!

ಮೊದಲ ದರ್ಜೆಯ ದರದಲ್ಲಿ ಸಂಗೀತವೂ ಸೇರಿತ್ತು. ನುಡಿಸುತ್ತಿದ್ದವರು ಎಂಟು ಜನ. ಅವರನ್ನು ಒದಗಿಸಿದ್ದು ಲಿವರ್‌ಪೂಲಿನ ಒಂದು ಏಜೆನ್ಸಿ. ಹಡಗು ಮುಳುಗುವಾಗಲೂ ನುಡಿಸುತ್ತಿದ್ದ ಆ ಎಂಟೂ ಜನ ತೀರಿಕೊಂಡರು. ಕೆಲವೇ ದಿನಗಳಲ್ಲಿ ಅವರಲ್ಲೊಬ್ಬ ಪಿಟೀಲು ವಾದಕನ ತಂದೆಗೆ ಏಜೆನ್ಸಿಯಿಂದ ಪತ್ರ ಬಂತು: ಮಗನ ಸಮವಸ್ತ್ರದ ಬಾಕಿ ಕಟ್ಟಬೇಕೆಂದು. ಹಡಗು ಮುಳುಗಿದ ಗಳಿಗೆಗೆ ನಾವಿಕರ ಸಂಬಳವೂ ನಿಂತಿತು. ಕೇಳುಗರಿಗೆ ಸಂಗೀತ ಉಚಿತ ಎನಿಸಿರಬಹುದು. ಅದರ ಬೆಲೆ ಕೊಟ್ಟವರು ಬೇರೆ.

ಇಂದಿನ ಪಟ್ಟಿ

ಈಗಿನ ಬಹುತೇಕ ವಿಹಾರ ನೌಕೆಗಳಲ್ಲಿ ಮಲಗುವ ಕೋಣೆ, ಮುಖ್ಯ ಭೋಜನ ಶಾಲೆಯ ಊಟ, ಈಜುಕೊಳ, ರಾತ್ರಿಯ ಪ್ರದರ್ಶನ ದರದಲ್ಲಿ ಸೇರಿರುತ್ತವೆ. ಮದ್ಯ, ಇಂಟರ್‌ನೆಟ್, ವಿಶೇಷ ಹೋಟೆಲು, ಬಂದರಿನಲ್ಲಿಳಿದು ಊರು ನೋಡುವುದು ಸಾಮಾನ್ಯವಾಗಿ ಸೇರಿರುವುದಿಲ್ಲ. ನವಮಂಗಳೂರು ಬಂದರಿಗೆ ಬರುವ ನೌಕೆಗಳಿಂದಿಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡುವ ವಿದೇಶಿಯರು ಹೆಚ್ಚಾಗಿ ಅದಕ್ಕೆ ಬೇರೆ ಹಣ ತೆತ್ತವರೇ.

ದಪ್ಪ ಅಕ್ಷರ, ಸಣ್ಣ ಅಕ್ಷರದ ಜಗಳವೂ ಮುಗಿದಿಲ್ಲ. ‘ಬಂದರು ಶುಲ್ಕ’ ಎಂಬ ಹೆಸರಿನಲ್ಲಿ ಬಂದರಿಗೆ ಕಟ್ಟುವುದಕ್ಕಿಂತ ಹೆಚ್ಚು ವಸೂಲಿಯಾಗುತ್ತಿದೆ ಎಂಬ ದೂರಿನ ಮೇಲೆ 1997ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯ ಹಲವು ನೌಕಾ ಕಂಪನಿಗಳಿಂದ ಒಪ್ಪಂದ ಬರೆಸಿಕೊಂಡಿತು. ಕಡ್ಡಾಯ ಶುಲ್ಕಗಳನ್ನು ಜಾಹೀರಾತಿನ ದರದಲ್ಲೇ ಸೇರಿಸಬೇಕೆಂಬ ಕ್ಯಾಲಿಫೋರ್ನಿಯಾದ ಕಾಯ್ದೆ ಜಾರಿಗೆ ಬಂದದ್ದು 2024ರ ಜುಲೈ 1ರಂದು.

ಇನ್ನೊಂದು ಸಾಲಿದೆ, ‘ಸೇವಾ ಶುಲ್ಕ’ ಅಥವಾ ಟಿಪ್ಸು. ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರ ಗಳಿಕೆಯ ಒಂದು ಪಾಲು ಹಲವು ನೌಕೆಗಳಲ್ಲಿ ಇದರಿಂದಲೇ ಬರುತ್ತದೆ. ಅವರಲ್ಲಿ ನಮ್ಮ ಕರಾವಳಿಯ ಹುಡುಗರೂ ಇದ್ದಾರೆ. ನಿಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಯೂ ಇರಬಹುದು. 2013ರಲ್ಲಿ ಜಾರಿಗೆ ಬಂದ, ಭಾರತವೂ 2015ರಲ್ಲಿ ಒಪ್ಪಿದ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ ಅವರಿಗೆ ದಿನದ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕೆನ್ನುತ್ತದೆ. ಡಿ ವೇರನ ಪಾತ್ರೆಯನ್ನು ನೆನಪಿಸಿಕೊಳ್ಳಿ. ಆ ಹತ್ತು ಗಂಟೆಯನ್ನೂ ಯಾರಾದರೂ ಸರಿಯಾಗಿ ಅಳೆಯಬೇಕು.

ಮುಂದಿನ ಸಲ ಪ್ರವಾಸದ ಜಾಹೀರಾತು ಕೈಗೆ ಬಂದಾಗ ಒಂದು ಹಾಳೆಯಲ್ಲಿ ಎರಡು ಗೆರೆ ಎಳೆಯಿರಿ. ಮೊದಲ ಕಲಮಿನಲ್ಲಿ ಸೇರಿದ್ದು, ಎರಡನೆಯದರಲ್ಲಿ ಸೇರದ್ದು. ಮೂರನೆಯದರಲ್ಲಿ, ಉಚಿತವೆಂದು ಕಾಣುವ ಪ್ರತಿಯೊಂದನ್ನೂ ನಿಜವಾಗಿ ತೆರುತ್ತಿರುವವರು ಯಾರು ಎಂದು ಬರೆಯಿರಿ. ಮೊದಲೆರಡು ಕಲಮು ತುಂಬಲು ಜಾಹೀರಾತು ಸಾಕು. ಮೂರನೆಯದಕ್ಕೆ ನೀವು ನಾಲ್ಕು ಜನರನ್ನು ಕೇಳಬೇಕಾದೀತು. ಕೇಳಿ.