ನಂಬಿಕೆ ಮತ್ತು ನಿತ್ಯದ ಅನ್ನ

ನಾನು ಹುಟ್ಟಿದ ಮನೆಯ ಅಟ್ಟದಲ್ಲಿ ನಿಂತು ತಲೆಯೆತ್ತಿದರೆ ಹಂಚುಗಳ ಅಡಿಬದಿಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಅವು ‘ಬಾಸೆಲ್ ಮಿಶನ್’ ಎಂಬ ಹೆಸರೆಂದು ಹೈಸ್ಕೂಲು ಸೇರಿದ ಮೇಲೆ ಓದಿ ತಿಳಿದೆ. ಮತಪ್ರಚಾರಕ್ಕೆಂದು ಹುಟ್ಟಿದ ಸಂಸ್ಥೆಯೊಂದರ ಹೆಸರು ಮಾಡಿನ ಹಂಚಿನ ಮೇಲೇಕೆ ಬಂದಿತು? ಕನ್ನಡ ಅಧ್ಯಾಪಕನಾಗಿ ನಾನು ಆ ಸಂಸ್ಥೆಯನ್ನು ಬಲ್ಲುದು ೧೮೪೩ರ ‘ಮಂಗಳೂರ ಸಮಾಚಾರ’ದಿಂದ, ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಿಂದ. ಹಂಚಿನ ಕಥೆ ನಮ್ಮ ಪಾಠಗಳಲ್ಲಿ ಬರುವುದಿಲ್ಲ. ಆದರೆ ಕ್ರೈಸ್ತ ನಂಬಿಕೆ ನಿತ್ಯಜೀವನಕ್ಕೆ ಇಳಿದಾಗ ಏನೇನಾಗುತ್ತದೆ ಎಂಬುದು ಆ ಕಥೆಯಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆರಂಭವಾದ ಈ ಮಿಶನ್ನಿನ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರ ಹಿಂದೆ ಬಂದವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಭಕ್ತಿಯು ನಡೆಯಲ್ಲಿಯೂ ದುಡಿಮೆಯಲ್ಲಿಯೂ ಕಾಣಿಸಿಕೊಳ್ಳಬೇಕೆಂಬುದು ಅವರು ಬೆಳೆದ ಸಂಪ್ರದಾಯ.

ತುಳುನಾಡಿನಲ್ಲಿ ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಬಿಲ್ಲವರು ಬಹುಮಂದಿ. ಮೂರ್ತೆ, ಎಂದರೆ ಮರದಿಂದ ಶೇಂದಿ ಇಳಿಸುವುದು, ಅವರಲ್ಲಿ ಹಲವರ ಕುಲಕಸುಬು. ಮಿಶನ್ನಿನ ಶಿಸ್ತು ಅದನ್ನು ಒಪ್ಪಲಿಲ್ಲ, ಕಸುಬು ಕೈಬಿಟ್ಟಿತು. ಗೇಣಿಯ ಭೂಮಿಗೆ ಭೂತಾರಾಧನೆಯ ಕಟ್ಟಳೆ ಅಂಟಿಕೊಂಡಿತ್ತು; ಅದನ್ನು ನಿರಾಕರಿಸಿದವನಿಗೆ ಭೂಮಿಯೂ ಉಳಿಯುವುದು ಕಷ್ಟವಾಯಿತು. ನೆಂಟರಿಷ್ಟರು ದೂರವಾದರು. ನಂಬಿಕೆಯನ್ನು ಆಚರಣೆಗೆ ತಂದ ದಿನವೇ ಅನ್ನದ ದಾರಿ ಮುಚ್ಚಿತೆಂದಾಯಿತು. ಬೋಧಕರ ಮುಂದೆ ಈಗ ನಿಂತಿದ್ದುದು ಸಂಜೆಯ ಗಂಜಿಯ ಪ್ರಶ್ನೆ.

ದಾನ ಕೊಟ್ಟು ಎಷ್ಟು ದಿನ ಸಾಕುವುದು? ಬೇಸಾಯವೇ ಮೊದಲಾದ ಕೆಲವು ಪ್ರಯತ್ನಗಳು ನಡೆದವು. ೧೮೫೧ರಲ್ಲಿ ಬಂದ ಹಾಲರ್ ನೇಯ್ಗೆಗೆ ಸುಧಾರಿಸಿದ ಮಗ್ಗವನ್ನು ತಂದರು. ಆ ನೇಯ್ಗೆಶಾಲೆಯ ಖಾಕಿ ಬಟ್ಟೆ ಹೆಸರಾಯಿತು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆಬದಿಯ ಜೇಡಿಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಆವಿಗೆಯಲ್ಲಿ ಸುಡುವ ಕೆಲಸ. ವರ್ಷವರ್ಷವೂ ಹೊಸದಾಗಿ ಹೊದಿಸಬೇಕಾದ, ಒಂದು ಕಿಡಿಗೆ ಉರಿದುಹೋಗುವ ಮುಳಿಹುಲ್ಲಿನ ಮಾಡುಗಳ ನಾಡಿಗೆ ಅದು ದೊಡ್ಡ ಉಪಕಾರ. ಮುಂದೆ ಊರಿನ ಇತರರೂ ಇಂಥ ಕಾರ್ಖಾನೆಗಳನ್ನು ಕಟ್ಟಿದರು.

‘ಕಾಯಕ’ವೆಂಬ ಮಾತನ್ನು ಬಲ್ಲ ಕನ್ನಡಿಗರಿಗೆ ಇದು ಪರಿಚಿತವೆನಿಸಬಹುದು. ಆದರೆ ಒಂದು ಭೇದವನ್ನು ಮರೆಯಲಾಗದು. ಕಾಯಕದಲ್ಲಿ ದುಡಿಯುವವನು ತನ್ನ ಕಸುಬಿಗೆ ತಾನೇ ಒಡೆಯ. ಇಲ್ಲಿ ಭಾನುವಾರ ಉಪದೇಶಿಸಿದ ಸಂಸ್ಥೆಯೇ ಸೋಮವಾರ ಕೂಲಿಯನ್ನೂ ಕೊಡುತ್ತಿತ್ತು. ಕೂಲಿ ಕೊಡುವ ಕೈಗೆ ಇಲ್ಲವೆನ್ನುವ ಧೈರ್ಯ ಎಷ್ಟು ಜನಕ್ಕಿದ್ದೀತು? ಬಂದವರನ್ನು ಎಳೆದದ್ದು ನಂಬಿಕೆಯೋ ಅನ್ನವೋ? ಈ ಸಂದೇಹವನ್ನು ನಾನು ಅಡಗಿಸಲಾರೆ. ಆದರೆ ಅದೇ ನ್ಯಾಯದಲ್ಲಿ ಇನ್ನೊಂದನ್ನೂ ಕೇಳಬೇಕು: ತಮ್ಮ ಮಾತನ್ನು ನಂಬಿ ಎಲ್ಲವನ್ನೂ ಕಳೆದುಕೊಂಡವರನ್ನು ಬೀದಿಯಲ್ಲಿ ಬಿಟ್ಟು ಪ್ರಾರ್ಥನೆಗೆ ಹೋಗಿದ್ದರೆ ಅವರನ್ನು ನಾವು ಏನೆನ್ನುತ್ತಿದ್ದೆವು?

೧೯೧೪ರಲ್ಲಿ ಮಹಾಯುದ್ಧ ತೊಡಗಿತು. ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು; ಯುದ್ಧಾನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಒಡೆಯರು ಹೋದರೂ ಕಲಿತ ಕೈಗಳು ಊರಿನಲ್ಲಿಯೇ ಉಳಿದವು.

ನಮ್ಮ ಮನೆಯಲ್ಲಿ ಆ ಮತದವರು ಯಾರೂ ಇರಲಿಲ್ಲ. ಆದರೂ ಅರುವತ್ತು ಮಳೆಗಾಲಗಳಿಂದ ನಮ್ಮ ತಲೆ ನೆನೆಯದಂತೆ ಕಾದವು ಆ ಹಂಚುಗಳು. ಯಾವ ಧರ್ಮದವನೇ ಆಗಲಿ, ತನ್ನ ಮಾತನ್ನು ನಂಬಿದವನು ನಾಳೆ ಏನು ಉಣ್ಣುವನೆಂದು ಯೋಚಿಸುವ ಹೊಣೆ ಹೊತ್ತಾಗಲೇ ಆತನ ನಂಬಿಕೆ ಮನೆ ಸೇರುತ್ತದೆಂದು ನಾನು ತಿಳಿದಿದ್ದೇನೆ.