ಮುಂಡಗೋಡ ಟಿಬೆಟನ್ ವಸತಿಯಲ್ಲಿ ವಿದೇಶಿ ಇಂಗ್ಲಿಷ್ ಶಿಕ್ಷಕರ ಜೀವನ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿರುವ ಡೋಗುಲಿಂಗ್ ಟಿಬೆಟನ್ ವಸತಿಯ ಮಠಗಳಲ್ಲಿ ಹೊರದೇಶಗಳಿಂದ ಬಂದ ಸ್ವಯಂಸೇವಕರು ಭಿಕ್ಷುಗಳಿಗೆ ಇಂಗ್ಲಿಷ್ ಕಲಿಸುವ ರೂಢಿ ಇದೆ. ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿಗೆ ಹೊಂದಿಕೊಂಡಿರುವ ಈ ಸೀಮೆಯ ಜನರ ನುಡಿ ಕನ್ನಡ, ಮಠದೊಳಗಿನ ನುಡಿ ಟಿಬೆಟನ್, ತರಗತಿಯ ನುಡಿ ಇಂಗ್ಲಿಷ್. ಕಲಿಸುವವರು ಪರದೇಶದವರು; ಕಲಿಯುವವರಲ್ಲಿಯೂ ಹೆಚ್ಚಿನವರು ಈ ನೆಲಕ್ಕೆ ಬಂದು ನೆಲೆಸಿದವರು ಅಥವಾ ಅವರ ಮಕ್ಕಳು ಮೊಮ್ಮಕ್ಕಳು.

ಹಿನ್ನೆಲೆ

1959ರಲ್ಲಿ 14ನೆಯ ದಲೈ ಲಾಮಾ ಅವರು ಭಾರತಕ್ಕೆ ಬಂದ ತರುವಾಯ ಸಾವಿರಾರು ಟಿಬೆಟನ್ನರು ಇಲ್ಲಿ ಆಶ್ರಯ ಪಡೆದರು. ಅಂದಿನ ಮೈಸೂರು ರಾಜ್ಯವು ಮೊದಲು ಬೈಲಕುಪ್ಪೆಯಲ್ಲಿಯೂ, 1966ರಲ್ಲಿ ಮುಂಡಗೋಡದಲ್ಲಿಯೂ ಅವರಿಗೆ ಜಮೀನು ನೀಡಿತು. ಮುಂಡಗೋಡದ ವಸತಿಗೆ ದೊರೆತದ್ದು ಸುಮಾರು 4,000 ಎಕರೆ ಕಾಡುಭೂಮಿ. ಸುತ್ತಮುತ್ತಲಿನವರು ಇದನ್ನು ‘ಟಿಬೆಟನ್ ಕ್ಯಾಂಪು’ ಎಂದು ಕರೆಯುತ್ತಾರೆ. ಲ್ಹಾಸಾ ಪಟ್ಟಣದ ಸಮೀಪದಲ್ಲಿ 1409ರಲ್ಲಿ ಸ್ಥಾಪಿತವಾದ ಗಾಂದೆನ್ ಮತ್ತು 1416ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ಮಠಗಳು ಇಲ್ಲಿ ಮರುಸ್ಥಾಪನೆಗೊಂಡವು. ಗಾಂದೆನ್‌ಗೆ ಶಾರ್ತ್ಸೆ ಮತ್ತು ಜಾಂಗ್ತ್ಸೆ, ಡ್ರೆಪುಂಗ್‌ಗೆ ಲೋಸೆಲಿಂಗ್ ಮತ್ತು ಗೋಮಾಂಗ್ ಎಂಬ ವಿದ್ಯಾಲಯಗಳಿವೆ. ಲಡಾಖ್, ನೇಪಾಳ ಹಾಗೂ ಮಂಗೋಲಿಯಾದಿಂದ ಬಂದ ವಿದ್ಯಾರ್ಥಿಗಳೂ ಇವುಗಳಲ್ಲಿದ್ದಾರೆ.

ಪ್ರವೇಶ ಮತ್ತು ವಾಸ್ತವ್ಯ

ವಿದೇಶಿ ಪ್ರಜೆಗಳು ವಸತಿಯೊಳಗೆ ತಂಗಬೇಕಾದರೆ ವೀಸಾ ಮಾತ್ರ ಸಾಲದು. ‘ಪಿ.ಎ.ಪಿ.’ ಎಂದು ಕರೆಯಲಾಗುವ ಸಂರಕ್ಷಿತ ಪ್ರದೇಶದ ಪರವಾನಿಗೆಯನ್ನು ಕೇಂದ್ರ ಗೃಹ ಸಚಿವಾಲಯದಿಂದ ಪಡೆಯಬೇಕು. ಅರ್ಜಿಯನ್ನು ದೆಹಲಿಯಲ್ಲಿರುವ ದಲೈ ಲಾಮಾ ಅವರ ಕಚೇರಿಯ ಮೂಲಕ ಸಲ್ಲಿಸಲಾಗುತ್ತದೆ. ಒಪ್ಪಿಗೆ ಬರುವುದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳದ ನೌಕರಿ ಮಾಡುವಂತಿಲ್ಲ. ಆದುದರಿಂದ ಇಲ್ಲಿಯ ಬೋಧನೆ ಬಹುಮಟ್ಟಿಗೆ ಸ್ವಯಂಸೇವೆ. ಮಠದ ಅತಿಥಿಗೃಹದಲ್ಲಿ ಕೋಣೆ, ಮಠದ ಅಡುಗೆಮನೆಯಲ್ಲಿ ಊಟ ಎಂಬುದೇ ಸಾಮಾನ್ಯ ಏರ್ಪಾಡು.

ದಿನಚರಿ

ಭಿಕ್ಷುಗಳ ದಿನ ನಸುಕಿನಲ್ಲಿಯೇ ಆರಂಭವಾಗುತ್ತದೆ. ಪ್ರಾರ್ಥನೆ, ಗ್ರಂಥಗಳ ಕಂಠಪಾಠ, ಗುರುಗಳ ಪಾಠ ಹಾಗೂ ಅಂಗಳದಲ್ಲಿ ಕೈ ತಟ್ಟಿ ನಡೆಸುವ ತರ್ಕವಾದ ಇವೇ ಅವರ ಮುಖ್ಯ ಅಧ್ಯಯನ. ಇಂಗ್ಲಿಷಿಗೆ ಇವುಗಳ ನಡುವೆ ಉಳಿದ ವೇಳೆ ಮಾತ್ರ ಸಿಗುತ್ತದೆ. ವಿದ್ಯಾರ್ಥಿಗಳು ಶಿಕ್ಷಕರನ್ನು ಗೌರವದಿಂದ ‘ಗೆನ್-ಲಾ’ ಎಂದು ಕರೆಯುತ್ತಾರೆ. ಊಟದಲ್ಲಿ ಅನ್ನ, ಬೇಳೆ, ಹಬೆಯಲ್ಲಿ ಬೇಯಿಸಿದ ತಿಂಗ್‌ಮೋ, ಥುಕ್ಪಾ ಎಂಬ ಶ್ಯಾವಿಗೆಯ ಸಾರು ಮತ್ತು ಬೆಣ್ಣೆ, ಉಪ್ಪು ಹಾಕಿದ ಚಹಾ ಇರುತ್ತವೆ. ರಜೆಗಳು ಟಿಬೆಟನ್ ಪಂಚಾಂಗವನ್ನು ಅನುಸರಿಸುತ್ತವೆ. ಹೊಸವರ್ಷದ ಹಬ್ಬವಾದ ಲೋಸಾರ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ ಬರುತ್ತದೆ.

ಬೋಧನೆಯ ಸ್ವರೂಪ

ಕಂಠಪಾಠದಲ್ಲಿ ಪಳಗಿದ ಭಿಕ್ಷುಗಳಿಗೆ ಶಬ್ದಗಳನ್ನು ನೆನಪಿಡುವುದು ಕಠಿಣವಲ್ಲ; ತಡವರಿಸದೆ ಸಂಭಾಷಿಸುವುದು ಕಠಿಣ. ಕನ್ನಡದಂತೆ ಟಿಬೆಟನ್ ಭಾಷೆಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಮತ್ತು ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಬರುವ ಸಂಬಂಧಸೂಚಕಗಳು ಅದರ ಹಿಂದೆ ಸೇರುತ್ತವೆ. ಹೀಗಾಗಿ ಪದಗಳ ಅನುಕ್ರಮದಲ್ಲಿ ಭಿಕ್ಷುಗಳು ಮಾಡುವ ತಪ್ಪುಗಳು ಧಾರವಾಡದ ಹಳ್ಳಿಯ ಮಕ್ಕಳು ಮಾಡುವ ತಪ್ಪುಗಳನ್ನು ಹೋಲುತ್ತವೆ. ‘ಫ’ ಮತ್ತು ‘ವ’ ಧ್ವನಿಗಳು ಲ್ಹಾಸಾ ಟಿಬೆಟನ್ನಿನಲ್ಲಿ ಇಲ್ಲದಿರುವುದು ಉಚ್ಚಾರಣೆಯ ಇನ್ನೊಂದು ತೊಡಕು. ಆದರೆ ಬರೆದು ಉಚ್ಚರಿಸದ ಅಕ್ಷರಗಳು ಅವರನ್ನು ಬೆದರಿಸುವುದಿಲ್ಲ: ‘ಎಂಟು’ ಎಂಬರ್ಥದ ಟಿಬೆಟನ್ ಪದವನ್ನು ‘ಬ್ರ್‌ಗ್ಯದ್’ ಎಂದು ಬರೆದು ‘ಗ್ಯೆ’ ಎಂದು ಓದಲಾಗುತ್ತದೆ.

ಇಂಗ್ಲಿಷಿನ ಅಗತ್ಯಕ್ಕೆ ಹಲವು ಕಾರಣಗಳಿವೆ. ವಿದೇಶಿ ಶಿಷ್ಯರಿಗೆ ಧರ್ಮಬೋಧೆ ಮಾಡುವುದು, ಗ್ರಂಥಗಳ ಅನುವಾದ, ಆಸ್ಪತ್ರೆ ಮತ್ತು ಸರ್ಕಾರಿ ಕಚೇರಿಗಳ ವ್ಯವಹಾರ ಇವುಗಳಲ್ಲಿ ಮುಖ್ಯ. ಅಮೆರಿಕದ ಎಮರಿ ವಿಶ್ವವಿದ್ಯಾಲಯವು ಮಠಗಳ ಜೊತೆಗೂಡಿ ನಡೆಸುವ ವಿಜ್ಞಾನ ಶಿಕ್ಷಣದಲ್ಲಿ ಪಾಠವನ್ನು ಟಿಬೆಟನ್ನಿಗೆ ಅನುವಾದಿಸಲಾಗುತ್ತದೆ. ಅಂಥ ಅನುವಾದಕರು ಎರಡೂ ಭಾಷೆ ಬಲ್ಲವರಾಗಿರಬೇಕು.

ಸುತ್ತಲಿನ ಸಮಾಜ

ಸ್ಥಳೀಯ ಬಸ್ಸು, ಸಂತೆ, ಹೊಲದ ಕೂಲಿ ಎಲ್ಲೆಡೆಯೂ ಬಳಕೆಯಾಗುವುದು ಕನ್ನಡ. ಈ ಸೀಮೆಯಲ್ಲಿ ಲಂಬಾಣಿ, ಗೌಳಿ ಹಾಗೂ ಸಿದ್ದಿ ಸಮುದಾಯಗಳೂ ವಾಸಿಸುತ್ತವೆ. ರೈಲು, ವಿಮಾನ ಮತ್ತು ದೊಡ್ಡ ಆಸ್ಪತ್ರೆಗಳಿಗೆ ಹುಬ್ಬಳ್ಳಿಗೇ ಹೋಗಬೇಕು. ಗೃಹಸ್ಥ ಟಿಬೆಟನ್ನರು ಗೋವಿನಜೋಳ ಮತ್ತು ಭತ್ತ ಬೆಳೆಯುತ್ತಾರೆ. ಚಳಿಗಾಲದಲ್ಲಿ ಹಲವು ಕುಟುಂಬಗಳು ದೊಡ್ಡ ನಗರಗಳಿಗೆ ಹೋಗಿ ಉಣ್ಣೆಯ ಸ್ವೆಟರ್ ಮಾರುತ್ತವೆ. ಕನ್ನಡದ ನಾಲ್ಕು ಮಾತು ಕಲಿಯದ ವಿದೇಶಿ ಶಿಕ್ಷಕರ ಬದುಕು ಮಠದ ಆವರಣಕ್ಕೆ ಸೀಮಿತವಾಗುವ ಸಂಭವ ಹೆಚ್ಚು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿದೆ. ಕಲಘಟಗಿಯ ಹಳ್ಳಿಯ ಮಗು ಅದನ್ನು ತನ್ನ ಭಾಷೆ ಬಲ್ಲ ಗುರುಗಳಿಂದ ಕಲಿಯುತ್ತದೆ. ಅಲ್ಲಿ ಅರ್ಥ ತಿಳಿಸಲು ಕನ್ನಡ ನೆರವಾಗುತ್ತದೆ. ಟಿಬೆಟನ್ ಅರಿಯದ ವಿದೇಶಿ ಶಿಕ್ಷಕರಿಗೆ ಅಂಥ ನೆರವಿಲ್ಲ. ಚಿತ್ರ, ಹಾವಭಾವ ಅಥವಾ ಹಿರಿಯ ವಿದ್ಯಾರ್ಥಿಯ ಅನುವಾದವೇ ಗತಿ.

ಮಹತ್ವ ಮತ್ತು ಮಿತಿ

ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೊಡನೆ ಮಾತನಾಡುವ ಅವಕಾಶ ಈ ವ್ಯವಸ್ಥೆಯ ದೊಡ್ಡ ಲಾಭ. ಅಲ್ಪಾವಧಿಯೇ ಇದರ ದೊಡ್ಡ ಕೊರತೆ. ಪರವಾನಿಗೆಯ ಅವಧಿ ಮುಗಿದೊಡನೆ ಶಿಕ್ಷಕರು ಹೊರಡಬೇಕಾಗುತ್ತದೆ. ಹೊಸಬರು ಹಿಂದಿನವರ ಪಾಠಕ್ರಮವನ್ನು ಅರಿಯದೆ ಮೊದಲಿನಿಂದ ಆರಂಭಿಸಿದರೆ ವಿದ್ಯಾರ್ಥಿಗಳು ಪರಿಚಯದ ವಾಕ್ಯಗಳಲ್ಲಿಯೇ ಉಳಿಯುತ್ತಾರೆ. ಕಲಿಸಿದ ಪಾಠಗಳ ದಾಖಲೆಯನ್ನು ಬಿಟ್ಟುಹೋಗುವುದು ಮತ್ತು ಕಲಿತ ಭಿಕ್ಷುಗಳೇ ಕಿರಿಯರಿಗೆ ಕಲಿಸುವಂತೆ ಸಿದ್ಧಗೊಳಿಸುವುದು ಈ ಕೊರತೆಯನ್ನು ನೀಗುವ ಉಪಾಯಗಳು.